ಗಾಜು ತೊಳೆಯುವ ಕ್ರಮ

ಪೊರೆ ಮತ್ತೆ ಕಳಚಿತ್ತು. ಪ್ರೊಫೆಸರ್ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಗಾಜಿನ ಒಳಮೈಗೆ ಅಂಟಿಕೊಂಡಿರಬೇಕಾಗಿದ್ದ ಕಂದು ಪೊರೆ ಚೂರುಚೂರಾಗಿ ತಳದಲ್ಲಿ ಕುಳಿತಿತ್ತು, ನೆನೆದ ಚಹಾಪುಡಿಯ ಹಾಗೆ. ಎಂಟು ತಿಂಗಳಿಂದ ಇದೇ ಹಾಡು. ಅದಕ್ಕೂ ಮುಂಚಿನ ಹದಿಮೂರು ವರ್ಷದಲ್ಲಿ ಒಂದು ಸಲವೂ ಕೈಕೊಡದ ಪೊರೆ ಇದು. ವಿಷದ ಲೋಹ ಕರಗಿದ ನೀರನ್ನು ಈ ಕೊಳವೆಯೊಳಗೆ ಬಿಟ್ಟರೆ ವಿಷವೆಲ್ಲ ಪೊರೆಗೆ ಹತ್ತಿಕೊಂಡು ಆಚೆ ಕಡೆಯಿಂದ ಕುಡಿಯುವ ನೀರು ಬರುತ್ತಿತ್ತು. ಗೋಡೆಯ ಮೇಲೆ ಅಂಗೈ ತುಂಬ ಕಪ್ಪು ಚುಕ್ಕಿ ಎದ್ದ ಮಕ್ಕಳ ಫೋಟೋ ಇತ್ತು, ಅದರ ಪಕ್ಕದಲ್ಲಿ ಅವನು ಪದಕ ತೆಗೆದುಕೊಳ್ಳುತ್ತಿರುವ ಫೋಟೋ. ಇವತ್ತು ಶುಕ್ರವಾರ. ಸೋಮವಾರ ಮೂರು ಜನ ಪರಿಶೀಲಕರು ಬಂದು ವಾರವಿಡೀ ಕೂತು ನೋಡುತ್ತಾರೆ. ಪೊರೆ ಕಳಚದೆ ನಿಂತರೆ ಕೊಳವೆಗಳು ಕಾರ್ಖಾನೆಗೆ ಹೋಗಿ, ಅಲ್ಲಿಂದ ಆ ಮಕ್ಕಳ ಊರುಗಳಿಗೆ ಹೋಗುತ್ತವೆ. ನಿಲ್ಲದಿದ್ದರೆ ಏನಾಗುತ್ತದೆ ಎಂದು ಯೋಚಿಸುವಾಗ ಅವನಿಗೆ ಮೊದಲು ಕಾಣುತ್ತಿದ್ದುದು ಎರಡನೆಯ ಫೋಟೋ, ಮೊದಲನೆಯದಲ್ಲ. ಅದು ತನಗೆ ಗೊತ್ತಾಗುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು. ಕೊಳವೆಯನ್ನು ಬುಟ್ಟಿಗೆ ಹಾಕಿ, ತೊಳೆಯುವ ಕೋಣೆಗೆ ಕಳಿಸಿದ.

ಬೇರೆ ಯಾರ ಕೈಯಲ್ಲೂ ಈ ಪೊರೆ ನಿಂತಿರಲಿಲ್ಲ ಎಂಬುದು ಒಂದು ಕಾಲದಲ್ಲಿ ಅವನ ಹೆಮ್ಮೆಯಾಗಿತ್ತು. ಇನ್ನೊಂದು ಪ್ರಯೋಗಾಲಯದಿಂದ ಒಬ್ಬ ಹುಡುಗಿ ಪತ್ರ ಬರೆದಿದ್ದಳು. ನೀವು ಬರೆದ ಕ್ರಮವನ್ನು ಅಕ್ಷರ ತಪ್ಪದೆ ಪಾಲಿಸಿದ್ದೇನೆ, ಮೂವತ್ನಾಲ್ಕು ಸಲ ಮಾಡಿದ್ದೇನೆ, ಪೊರೆ ಮೂರನೇ ದಿನಕ್ಕೆ ಕಳಚುತ್ತದೆ, ನಾನು ಎಲ್ಲಿ ತಪ್ಪುತ್ತಿದ್ದೇನೆ ದಯವಿಟ್ಟು ತಿಳಿಸಿ. ಅವನು ಮೂರೇ ಸಾಲು ಉತ್ತರ ಬರೆದಿದ್ದ: ನಿಮ್ಮಲ್ಲಿ ಗಾಜಿನ ಶುಚಿ ಸಾಲದು, ಈ ಕೆಲಸಕ್ಕೆ ಮೊದಲು ಬೇಕಾದದ್ದು ಶಿಸ್ತು. ಆ ಮೂರು ಸಾಲು ಅವಳ ಮೇಲಿನವರ ಕೈಗೂ ಹೋಗುವಂತೆ ನೋಡಿಕೊಂಡಿದ್ದ. ಅವಳು ಆ ಕೆಲಸ ಬಿಟ್ಟು ಎಲ್ಲೋ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ ಎಂದು ಯಾರೋ ಹೇಳಿದ್ದರು. ಪತ್ರದ ಕೊನೆಯಲ್ಲಿ ಅವಳು 'ನಿಮ್ಮ ವಿಧೇಯಳು' ಎಂದು ಬರೆದಿದ್ದ ದುಂಡನೆಯ ಅಕ್ಷರ ಈ ಎಂಟು ತಿಂಗಳಲ್ಲಿ ಹಲ್ಲುಜ್ಜುವಾಗ, ಮೆಟ್ಟಿಲು ಇಳಿಯುವಾಗ, ಹೊತ್ತಲ್ಲದ ಹೊತ್ತಿನಲ್ಲಿ ಕಣ್ಣಿಗೆ ಕಟ್ಟುತ್ತಿತ್ತು. ಮೂವತ್ನಾಲ್ಕು. ಅವನದು ಈಗ ಐವತ್ತೊಂದನೆಯ ಸಲಕ್ಕೆ ಬಂದು ನಿಂತಿತ್ತು.

ಪೊರೆ ಕಳಚತೊಡಗಿದಾಗ ವಿದ್ಯಾರ್ಥಿಗಳು ಒಂದು ಪಟ್ಟಿ ಮಾಡಿದ್ದರು, ಈಚೆಗೆ ಏನೇನು ಬದಲಾಗಿದೆ ಎಂದು. ಪುಡಿ ಕಳಿಸುವ ಕಂಪನಿ, ನೀರಿನ ಟ್ಯಾಂಕು, ಒಲೆಯ ಉಷ್ಣಮಾಪಕ, ಕಿಟಕಿಯ ಹೊಸ ಪರದೆ ಕೂಡ. ಹತ್ತೊಂಬತ್ತು ಬಾಬತ್ತು. ಗಾಜಮ್ಮ ಕೆಲಸ ಬಿಟ್ಟಳು ಎಂದು ಅದರಲ್ಲಿ ಯಾರೂ ಬರೆದಿರಲಿಲ್ಲ. ಅವನಿಗೂ ಹೊಳೆದಿರಲಿಲ್ಲ. ಹದಿನೇಳು ವರ್ಷ ಗಾಜು ತೊಳೆದವಳು, ಅದಕ್ಕೇ ಎಲ್ಲರ ಬಾಯಲ್ಲಿ ಗಾಜಮ್ಮ. ಕೆಮ್ಮು ಜಾಸ್ತಿಯಾಗಿ ಬಿಟ್ಟುಹೋದಳು, ಆ ಜಾಗಕ್ಕೆ ಮಗಳು ಬಂದಳು, ತೊಳೆಯುವ ಸದ್ದು ಒಂದು ದಿನವೂ ನಿಲ್ಲಲಿಲ್ಲ. ಹಾಗಾಗಿ ಏನೂ ಬದಲಾದಂತೆ ಅನ್ನಿಸಿರಲಿಲ್ಲ. ಮೂರು ತಿಂಗಳ ಹಿಂದೆ, ತಲೆಗೆ ನೀರು ಹುಯ್ದುಕೊಳ್ಳುತ್ತಿದ್ದಾಗ, ಇದ್ದಕ್ಕಿದ್ದಂತೆ ಅವನಿಗೆ ಒಂದು ಡಬ್ಬ ನೆನಪಾಯಿತು. ಮೈ ಒರೆಸಿಕೊಳ್ಳದೆ ಹಾಗೇ ನಿಂತುಬಿಟ್ಟಿದ್ದ.

ಬಿಸ್ಕತ್ತಿನ ತಗಡು ಡಬ್ಬ. ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷ. ತೊಳೆಯುವ ಕೋಣೆಗೆ ಅವನು ಹೋಗುವ ರೂಢಿ ಇರಲಿಲ್ಲ, ಅವತ್ತು ಯಾಕೋ ಹೋದ. ತೊಟ್ಟಿಯ ಕೆಳಗೆ ಡಬ್ಬ, ಅದರಲ್ಲಿ ಬೂದಿಯೋ ಇನ್ನೇನೋ ಸೇರಿಸಿ ಕಲಸಿದ ಕರಿ ಮುದ್ದೆ. ಅವಳ ಬೆರಳಿಗೆಲ್ಲ ಅದೇ ಮೆತ್ತಿತ್ತು. ಇದು ನಿಮ್ಮ ಮನೆ ಅಡಿಗೆಮನೆ ಅಂದ್ಕೊಂಡಿದ್ದೀಯಾ, ಪಾತ್ರೆ ತಿಕ್ಕೋ ಹಾಗೆ ತಿಕ್ತೀಯಾ, ನಿನಗೇನು ಗೊತ್ತು ಇದರ ಬೆಲೆ ಎಂದು ಕಾರಿಡಾರಿಗೆಲ್ಲ ಕೇಳುವಂತೆ ಕೂಗಿದ್ದ. ಆಸಿಡ್ಡು ಕೈ ಸುಡುತ್ತೆ ಸಾರ್ ಎಂದು ಅವಳು ಅಂಗೈ ತೋರಿಸಲು ಹೊರಟಳು. ಅವನು ನೋಡಲಿಲ್ಲ. ಡಬ್ಬವನ್ನು ತಾನೇ ಕಾಲಿನಿಂದ ಎಳೆದು, ಎರಡು ಬೆರಳಲ್ಲಿ ಎತ್ತಿ ಕಸದ ತೊಟ್ಟಿಗೆ ಎಸೆದ. ಗೋಡೆಗೆ ಅಂಟಿಸಿದ್ದ ಕ್ರಮದ ಹಾಳೆಯನ್ನು ಅವಳು ಓದಲಾರಳು ಎಂದು ಗೊತ್ತಾದ ಮೇಲೆ, ತಾನೇ ಓದಿ ಹೇಳಿ, ಬಾಯಿಪಾಠ ಮಾಡಿಸಿ, ಒಪ್ಪಿಸು ಎಂದ. ಮೊದಲು ಆಸಿಡ್ಡು. ಎಣಿಸಿ ಅರವತ್ತು. ಆಮೇಲೆ ಶುದ್ಧ ನೀರು ಮೂರು ಸಲ. ಕೈ ಒಳಗೆ ತಾಗಬಾರದು, ಬಟ್ಟೆ ತಾಗಬಾರದು. ಅವಳು ಕಣ್ಣು ಮೂಗು ಒರೆಸಿಕೊಳ್ಳುತ್ತ ಒಪ್ಪಿಸಿದಳು, ಎರಡು ಸಲ ತಪ್ಪಿ ಮೂರನೆಯ ಸಲ ಸರಿಯಾಗಿ. ವಿದ್ಯಾರ್ಥಿಗಳು ಬಾಗಿಲಲ್ಲಿ ನಿಂತು ನಕ್ಕರು. ಅದು ಹಾಗೇ ಒಂದು ಪದ್ಧತಿಯಾಗಿ ಉಳಿಯಿತು. ತೊಳೆಯಲು ಯಾರೇ ಬರಲಿ, ಮೊದಲ ದಿನ ಪ್ರೊಫೆಸರ್ ಮುಂದೆ ನಿಂತು ಕ್ರಮ ಒಪ್ಪಿಸಬೇಕು. ಮಗಳು ಒಂದೇ ಉಸಿರಿಗೆ ಒಪ್ಪಿಸಿದ್ದಳು. ಮನೆಯಲ್ಲೇ ಕಲಿತು ಬಂದಿರಬೇಕು. ಶಭಾಷ್ ಅಂದಿದ್ದ.

ಡಬ್ಬ ನೆನಪಾದ ದಿನ ಸ್ನಾನ ಮುಗಿಸಿ ನೇರ ಪ್ರಯೋಗಾಲಯಕ್ಕೆ ಹೋಗಿ ಗಾಜಿನ ಬೀರುವಿನಿಂದ ಹಳೆಯ ಕೊಳವೆಯೊಂದನ್ನು ತೆಗೆದ. ಪದಕಕ್ಕೆ ಕಾರಣವಾದ ಕೊಳವೆ. ಸೂಕ್ಷ್ಮದರ್ಶಕದ ಕೆಳಗೆ ಅದರ ಒಳಮೈ ತುಂಬ ಕೂದಲೆಳೆಯಂಥ ಗೀರುಗಳು, ಒಂದೇ ದಿಕ್ಕಿಗೆ, ಯಾರೋ ಬೆರಳು ತಿರುಗಿಸಿ ತಿರುಗಿಸಿ ತಿಕ್ಕಿದ ಹಾಗೆ. ಹೊಸ ಕೊಳವೆಗಳು ಕನ್ನಡಿಯಂತೆ ನುಣುಪು, ಪೊರೆಗೆ ಹಿಡಿತವೇ ಇಲ್ಲ. ಹಾಗಾದರೆ ಅವಳು ನಿಲ್ಲಿಸಿರಲಿಲ್ಲ. ಎಸೆದ ಡಬ್ಬದ ಜಾಗಕ್ಕೆ ಇನ್ನೊಂದು ತಂದಿದ್ದಳು, ಎಲ್ಲರ ಕಣ್ಣಿಗೂ ಮಣ್ಣೆರಚಿ, ಹದಿನಾರು ವರ್ಷ. ಅವನು ದೇಶವಿಡೀ ಓಡಾಡಿ ವಿವರಿಸಿದ, ಪುಸ್ತಕಗಳಲ್ಲಿ ಅಚ್ಚಾದ ಕ್ರಮದಲ್ಲಿ ಆ ಒಂದು ಸಾಲು ಇರಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆ, ಆಮೇಲೆ ಗೊತ್ತಾದ ಈ ಸಂಗತಿ ಯಾರಿಗೂ ಗೊತ್ತಾಗಬಾರದು ಎಂಬ ಹುನ್ನಾರ. ಹುನ್ನಾರ ಎಲ್ಲಕ್ಕಿಂತ ಹೆಚ್ಚು ದಿನ ಉಳಿಯಿತು.

ಭಾನುವಾರದ ಬೆಳಿಗ್ಗೆಗಳಲ್ಲಿ, ಯಾರೂ ಇಲ್ಲದಾಗ, ತಾನೇ ಅಂಗಿಯ ತೋಳು ಮಡಚಿ ತೊಟ್ಟಿಯ ಮುಂದೆ ನಿಂತ. ಬೂದಿ ಹುಡುಕುವುದು ಇಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಬೇಕರಿಯವನ ಹತ್ತಿರ ಹೋಗಿ ಒಂದು ಲಕೋಟೆ ಚಾಚಿ ಗಿಡಕ್ಕೆ ಬೇಕು ಎಂದ. ಬೇಕರಿಯವನು ಲಕೋಟೆಯನ್ನೂ ಅವನ ಇಸ್ತ್ರಿ ಅಂಗಿಯನ್ನೂ ನೋಡಿ, ಒಂದೇ ಗಿಡಾನಾ ಸಾರ್ ಎಂದು ಕೇಳಿದ. ಮನೆಯಲ್ಲಿ ಕಪಾಟಿನ ತುಂಬ ಚೀಟಿ ಹಚ್ಚಿದ ಲಕೋಟೆಗಳನ್ನು ಕಂಡು ಹೆಂಡತಿ, "ಜನ ವಯಸ್ಸಾದ ಮೇಲೆ ಸ್ಟ್ಯಾಂಪ್ ಕೂಡಿಡ್ತಾರೆ, ನೀವು ಬೂದಿ ಕೂಡಿಡ್ತಿದ್ದೀರಲ್ಲ" ಎಂದು ನಕ್ಕಳು. ಹನ್ನೊಂದು ಬಗೆಯ ಬೂದಿ. ಗೀರು ಬಿತ್ತು, ಪೊರೆ ಒಂದು ದಿನ ಹೆಚ್ಚಿಗೆ ನಿಂತು ಕಳಚಿತು. ಬರಿ ಬೂದಿಯಲ್ಲ, ಇನ್ನೇನೋ ಇತ್ತು ಆ ಮುದ್ದೆಯಲ್ಲಿ. ಒಂದು ಭಾನುವಾರ ಮಂಡಿಯೂರಿ ತೊಟ್ಟಿಯ ಕೆಳಗೆ ಟಾರ್ಚು ಬಿಟ್ಟು ನೋಡಿದ್ದ. ಜೇಡರ ಬಲೆ, ಸವೆದ ಬ್ರಷ್ಷು, ಹಿಂದುಗಡೆ ಕೊಳಾಯಿಯ ಪೈಪಿಗೂ ಗೋಡೆಗೂ ನಡುವೆ ತುರುಕಿದ ಒಂದು ಜಿಡ್ಡುಬಟ್ಟೆಯ ಗಂಟು. ಅದನ್ನು ಮುಟ್ಟಲು ಅಸಹ್ಯವಾಯಿತು. ಅಷ್ಟರಲ್ಲಿ ಹೊರಗೆ ಕಾವಲುಗಾರನ ಹೆಜ್ಜೆ ಕೇಳಿಸಿ, ಮಂಡಿ ಒರೆಸಿಕೊಂಡು ಎದ್ದುಬಿಟ್ಟಿದ್ದ.

ಈ ಶುಕ್ರವಾರ ಉಳಿದದ್ದು ಗಾಜಮ್ಮನನ್ನೇ ಕೇಳುವುದು. ಮಗಳು ಕೆಲಸದಲ್ಲಿರುವ ಹೊತ್ತನ್ನೇ ಆರಿಸಿ, ಹನ್ನೊಂದಕ್ಕೆ, ಕಾರು ಬಿಟ್ಟು ಬಸ್ಸು ಹತ್ತಿದ. ದಾರಿಯಲ್ಲಿ ಹಣ್ಣು ಕೊಂಡ. ಬಸ್ಸಿನಲ್ಲಿ ಕೂತು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡ: ಪೊರೆ ನಿಂತದ್ದು ನಿಮ್ಮ ಕೈಯಿಂದ. ಏನು ಹಾಕುತ್ತಿದ್ದಿರಿ, ಹೇಗೆ ತಿಕ್ಕುತ್ತಿದ್ದಿರಿ, ಹೇಳಿ. ನಾನು ಅದನ್ನು ನಿಮ್ಮ ಹೆಸರಿನಲ್ಲಿ ಬರೆಯುತ್ತೇನೆ. ಮಾತು ಚೆನ್ನಾಗಿತ್ತು. ಅದರಲ್ಲಿ ತಾನು ಉದಾರವಾಗಿ ಕಾಣಿಸುತ್ತಿದ್ದುದೂ ಚೆನ್ನಾಗಿತ್ತು. ಬಸ್ಸು ಇಳಿದು ಓಣಿಯ ಬಾಯಲ್ಲಿ ನಿಂತಾಗ ಮಾತ್ರ ಅವಳ ಹೆಸರು ತನಗೆ ಗೊತ್ತಿಲ್ಲ ಎಂಬುದು ಹೊಳೆಯಿತು. ಹೊಲಿಗೆ ಯಂತ್ರದ ಮುಂದೆ ಕೂತ ಟೈಲರ್ ಒಬ್ಬನ ಹತ್ತಿರ ಹೋಗಿ, ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರಲ್ಲ, ಕೆಮ್ಮು, ಒಬ್ಬಳೇ ಮಗಳು ಎಂದೆಲ್ಲ ಹೇಳಿದ.

"ಹೆಸರೇನು ಸಾರ್?"

"ಗಾಜಮ್ಮ ಅಂತ ಕರೀತಿದ್ವಿ."

"ಇಲ್ಲಿ ಯಾರೂ ಹಾಗೆ ಕರೆಯಲ್ಲ." ಟೈಲರ್ ಸೂಜಿಯಿಂದ ಕಣ್ಣೆತ್ತಲಿಲ್ಲ. "ಎಷ್ಟು ವರ್ಷ ಇದ್ರು ನಿಮ್ಮಲ್ಲಿ?"

"ಹದಿನೇಳು."

ಟೈಲರ್ ಗಜಕಡ್ಡಿಯಿಂದ ನೀಲಿ ಬಾಗಿಲೊಂದನ್ನು ತೋರಿಸಿದ. ಹೆಸರು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಬಾಗಿಲು ತೆರೆದೇ ಇತ್ತು. ಒಂದು ಕೋಣೆ, ಮಂಚ, ಮಂಚದ ಮೇಲೆ ಸೊರಗಿ ಅರ್ಧ ಆಗಿಹೋದ ಒಬ್ಬ ಹೆಂಗಸು. ಅವನನ್ನು ಕಂಡದ್ದೇ ಅವಳು ದಡಬಡ ಎದ್ದು ಸೆರಗು ಸರಿಮಾಡಿಕೊಳ್ಳಲು ಹೋಗಿ ಕೆಮ್ಮು ಹತ್ತಿ ಬಗ್ಗಿದಳು. ಆ ಕೆಮ್ಮು ಅವನಿಗೆ ಪರಿಚಿತ. ಗೋಡೆಯಾಚೆಯಿಂದ ವರ್ಷಗಟ್ಟಲೆ ಕೇಳಿದ್ದ. ತೊಳೆಯುವ ಕೋಣೆಗೆ ಹೊಗೆ ಎಳೆಯುವ ಫ್ಯಾನು ಬೇಕು ಎಂಬ ಕಾಗದ ಎರಡು ಸಲ ಅವನ ಮೇಜಿಗೆ ಬಂದಿತ್ತು. ಎರಡು ಸಲವೂ ಮುಂದಿನ ವರ್ಷ ನೋಡೋಣ ಎಂದು ಬರೆದಿದ್ದ, ಹಸಿರು ಶಾಯಿಯಲ್ಲಿ.

"ಮಗಳು ಏನಾದ್ರೂ ತಪ್ಪು ಮಾಡಿದ್ಲಾ ಸಾರ್?" ಅವಳ ಮೊದಲ ಮಾತು ಅದು.

"ಛೆ ಛೆ, ಇಲ್ಲ. ನೀವು ಹೇಗಿದ್ದೀರಿ ಅಂತ ನೋಡೋಕೆ ಬಂದೆ."

ನೀವು ಎಂದದ್ದು ಕೇಳಿ ಅವಳ ಮುಖ ಇನ್ನಷ್ಟು ಬಿಳಿಚಿತು. ಹದಿನೇಳು ವರ್ಷ ಏಯ್, ನೀನು, ಬಾ, ಹೋಗು ಎಂದೇ ಕೇಳಿದ ಕಿವಿ. ಈ ಮರ್ಯಾದೆಯ ಹಿಂದೆ ಏನೋ ಇದೆ ಎಂದು ಅವಳು ಹಣ್ಣಿನ ಚೀಲವನ್ನೂ ಅವನ ಕೈಯನ್ನೂ ನೋಡಿದಳು, ಚೀಲ ಮುಟ್ಟಲಿಲ್ಲ. ಅವನು ಇದ್ದ ಒಂದೇ ಕುರ್ಚಿಯಲ್ಲಿ ಕೂತ. ಅವಳು ಮಂಚ ಬಿಟ್ಟು ನೆಲದ ಮೇಲೆ ಕೂತಳು, ಮೇಲೆ ಕೂತ್ಕೊಳ್ಳಿ ಎಂದರೂ ಕೇಳಲಿಲ್ಲ. ಔಷಧಿಯ ಬಗ್ಗೆ ಕೇಳಿದ, ಡಾಕ್ಟರ ಬಗ್ಗೆ ಕೇಳಿದ. ಎಲ್ಲಕ್ಕೂ ಪರವಾಗಿಲ್ಲ ಸಾರ್. ಕಡೆಗೆ ಏನೋ ಸುಮ್ಮನೆ ನೆನಪಾದವನಂತೆ ಕೇಳಿದ:

"ಆಗೆಲ್ಲ ಗಾಜು ಹೇಗೆ ತೊಳೀತಿದ್ರಿ ನೀವು?"

ಅವಳು ಬೆನ್ನು ನೆಟ್ಟಗೆ ಮಾಡಿದಳು. ಎರಡೂ ಕೈ ಮಡಿಲಲ್ಲಿ ಜೋಡಿಸಿಕೊಂಡಳು. "ಮೊದಲು ಆಸಿಡ್ಡು. ಎಣಿಸಿ ಅರವತ್ತು. ಆಮೇಲೆ ಶುದ್ಧ ನೀರು ಮೂರು ಸಲ. ಕೈ ಒಳಗೆ ತಾಗಬಾರದು, ಬಟ್ಟೆ ತಾಗಬಾರದು." ಒಂದಕ್ಷರ ಆಚೀಚೆ ಇಲ್ಲ. ಏರು, ತಗ್ಗು, ನಡುವಿನ ನಿಲುಗಡೆ ಎಲ್ಲ ಅವನವೇ. ತನ್ನ ಹದಿನಾರು ವರ್ಷ ಹಿಂದಿನ ದನಿ ಅವಳ ಬಾಯಿಂದ ಬರುತ್ತಿತ್ತು.

"ಅದಲ್ಲ. ಬೂದಿ ಹಾಕ್ತಿದ್ರಲ್ಲ."

"ಆ ಡಬ್ಬ ಅವತ್ತೇ ನೀವು ಬಿಸಾಕಿದ್ರಲ್ಲ ಸಾರ್. ಆಮೇಲೆ ಮುಟ್ಟಿಲ್ಲ."

"ಮುಟ್ಟಿದ್ರೂ ನಾನೇನೂ ಅನ್ನಲ್ಲ. ನಿಜ ಹೇಳಿ."

"ಮಗಳಾಣೆಗೂ ಇಲ್ಲ ಸಾರ್."

"ಬೂದಿ ಹಾಕಿದ್ರೇ ಒಳ್ಳೇದಾಗ್ತಿತ್ತು ಅನ್ಸುತ್ತೆ ಈಗ."

ಅವಳು ಅವನ ಮುಖವನ್ನೇ ನೋಡಿದಳು. ನಿಧಾನವಾಗಿ ನಕ್ಕಳು, ಜಾಣತನದ, ಹೆದರಿದ ನಗೆ. "ಪರೀಕ್ಷೆ ಮಾಡ್ತಿದ್ದೀರ ಸಾರ್ ನನ್ನ. ನಾನು ಓದಿಲ್ಲ, ಆದ್ರೆ ಅಷ್ಟು ದಡ್ಡಿ ಅಲ್ಲ. ಮಗಳ ಕೆಲಸ ಇನ್ನೂ ಖಾಯಂ ಆಗಿಲ್ಲ. ನಿಮ್ಮ ಸಹಿ ಬೇಕಂತೆ. ನನ್ನ ಕಡೆಯಿಂದ ಅವಳಿಗೆ ಒಂದು ಮಾತು ಬರಬಾರದು."

ಈಗ ಹೇಳಬೇಕಿತ್ತು. ಬಸ್ಸಿನಲ್ಲಿ ಒಪ್ಪಿಸಿಕೊಂಡ ಮಾತು ನಾಲಿಗೆಯ ತುದಿಯವರೆಗೂ ಬಂತು. ಪೊರೆ ನಿಂತದ್ದು ನಿಮ್ಮ ಕೈಯಿಂದ. ಅಷ್ಟೇ. ಆದರೆ ಅದನ್ನು ಅಂದಮೇಲೆ ಅವಳು ನಾಳೆ ಟೈಲರಿಗೆ ಹೇಳುತ್ತಾಳೆ, ಮಗಳಿಗೆ ಹೇಳುತ್ತಾಳೆ, ಮಗಳು ವಿದ್ಯಾರ್ಥಿಗಳಿಗೆ. ಶಾಲೆಯಲ್ಲಿ ಪಾಠ ಮಾಡುವ ಆ ಹುಡುಗಿಯ ಕಿವಿಗೂ ಒಂದು ದಿನ ಬೀಳುತ್ತದೆ. ಬೇರೆ ಬೇರೆ ಸಭೆಗಳಲ್ಲಿ ತನ್ನ ಪಕ್ಕ ಕೂತವರು ಕಾಫಿ ಲೋಟದ ಹಿಂದೆ ನಗುತ್ತಾರೆ. ಸ್ವಲ್ಪ ನೀರು ಕೊಡ್ತೀರಾ ಎಂದ, ಹೇಳಬೇಕಾದ ಮಾತಿನ ಬದಲು.

ಅವಳು ಗೋಡೆ ಹಿಡಿದು ಎದ್ದು ಮೂಲೆಯ ನಲ್ಲಿಗೆ ಹೋದಳು. ಅಲ್ಲಿ ಮಗುಚಿಟ್ಟಿದ್ದ ಪಾತ್ರೆಗಳು ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಅವನ ಕಣ್ಣು ಅವುಗಳ ಸುತ್ತ ಡಬ್ಬ ಹುಡುಕಿತು, ಒಂದು ಸಾಬೂನಿನ ಬಿಲ್ಲೆ ಬಿಟ್ಟು ಏನೂ ಕಾಣಲಿಲ್ಲ. ಅವಳು ಗಾಜಿನ ಲೋಟ ತೆಗೆದುಕೊಂಡಳು. ತಿಕ್ಕುತ್ತಾಳೆ ಎಂದು ಅವನು ಕುರ್ಚಿಯಿಂದ ಮುಂದಕ್ಕೆ ಬಾಗಿ ನೋಡಿದ. ಅವಳು ತಿಕ್ಕಲಿಲ್ಲ. ಬೆರಳು ಒಳಗೆ ತಾಗದಂತೆ ಬುಡದಲ್ಲಿ ಹಿಡಿದು ನೀರು ಬಿಟ್ಟಳು, ಚೆಲ್ಲಿದಳು. ಒಂದು. ಮತ್ತೆ ಬಿಟ್ಟು ಚೆಲ್ಲಿದಳು. ಎರಡು. ಅವನಿಗೆ ಕೇಳುವ ಹಾಗೆ ಬಾಯಿ ಬಿಟ್ಟು ಎಣಿಸುತ್ತಿದ್ದಳು. ಮೂರು. ಒದ್ದೆ ಲೋಟದಲ್ಲಿ ನೀರು ತುಂಬಿ ತಂದು, ಬಟ್ಟೆಯಿಂದ ಒರೆಸದೆ, ಎರಡು ಕೈಯಲ್ಲಿ ಕೊಟ್ಟಳು. ಆ ಕೈಯ ಬೆರಳುಗಳ ತುದಿಯಲ್ಲಿ ಉಗುರು ಅರ್ಧರ್ಧ ತಿಂದುಹೋಗಿತ್ತು, ಅಂಗೈ ಸುಟ್ಟು ನುಣ್ಣಗಾಗಿತ್ತು. ಅವತ್ತು ನೋಡದೆ ಇದ್ದ ಅಂಗೈ. ಅವನು ನೀರು ಕುಡಿದ. ಥ್ಯಾಂಕ್ಸ್ ಎಂದ. ಎದ್ದು, ಸಹಿ ಮಾಡ್ತೀನಿ, ಯೋಚನೆ ಮಾಡಬೇಡಿ ಎಂದ. ಅವಳು ಕೈ ಮುಗಿದಳು. ಓಣಿ ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದಳು ಎಂದು ಅವನಿಗೆ ತಿರುಗಿ ನೋಡದೆಯೇ ಗೊತ್ತಿತ್ತು.

ವಾಪಸು ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಕಂಬಿ ಹಿಡಿದು ನಿಂತು, ಇಳಿದು ತಿರುಗಿ ಹೋಗಿಬಿಡಲೇ ಎಂದು ಎರಡು ನಿಲ್ದಾಣ ಯೋಚಿಸಿದ. ಮೂರನೆಯ ನಿಲ್ದಾಣದ ಹೊತ್ತಿಗೆ ಯೋಚನೆ ಬೇರೆ ಹಾದಿ ಹಿಡಿದಿತ್ತು. ಹದಿನಾರು ವರ್ಷ ಕದ್ದು ಬಳಸಿದವಳು ಪ್ರತಿದಿನ ಮನೆಯಿಂದ ಮುದ್ದೆ ಕಟ್ಟಿಕೊಂಡು ಬಂದಿರಲಾರಳು. ಬಾಗಿಲಲ್ಲಿ ಕಾವಲುಗಾರ ಚೀಲ ನೋಡುತ್ತಾನೆ. ಅಲ್ಲೇ ಎಲ್ಲೋ ಇಟ್ಟಿರುತ್ತಾಳೆ. ಕೆಮ್ಮು ಬಂದು ಒಂದು ದಿನ ಇದ್ದಕ್ಕಿದ್ದಂತೆ ಕೆಲಸ ಬಿಟ್ಟವಳು, ತೆಗೆದುಕೊಂಡು ಹೋಗಲು ಎಲ್ಲಿ ಪುರುಸೊತ್ತು? ಪೈಪಿನ ಹಿಂದಿನ ಆ ಜಿಡ್ಡುಬಟ್ಟೆಯ ಗಂಟು ಕಣ್ಣ ಮುಂದೆ ಬಂತು. ಅದರ ಆಕಾರ ಬಂತು. ದುಂಡಗೆ, ಅಂಚು ಗಟ್ಟಿ. ಬಟ್ಟೆಯ ಗಂಟಿಗೆ ಅಂಥ ಅಂಚು ಇರುವುದಿಲ್ಲ. ಅವನು ಜನರನ್ನು ತಳ್ಳಿಕೊಂಡು ಬಾಗಿಲಿಗೆ ಬಂದು ನಿಂತ, ಬಸ್ಸು ಬೇಗ ಹೋಗಲಿ ಎಂದು ಕಂಬಿಯನ್ನು ಬೆರಳಿನಿಂದ ಬಡಿದ. ಒಂದು ಚಿಟಿಕೆ ಸಾಕು. ಚಿಟಿಕೆಯಲ್ಲಿ ಏನಿದೆ ಎಂದು ಹೇಳುವ ಯಂತ್ರ ಅವನ ಬಳಿ ಇದೆ. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಹೇಳಬೇಕಾಗಿಲ್ಲ. ಎಂಟು ತಿಂಗಳ ನಂತರ ಮೊದಲ ಸಲ ಅವನಿಗೆ ನಿಜವಾದ ಖುಷಿ ಆಯಿತು, ಸಣ್ಣವನಿದ್ದಾಗ ಆಗುತ್ತಿದ್ದಂಥದು.

ತೊಳೆಯುವ ಕೋಣೆಯ ಬಾಗಿಲು ತೆರೆದಿತ್ತು. ಆಸಿಡ್ಡಿನ ವಾಸನೆ ಮೂಗಿಗೆ ಹೊಡೆಯಿತು. ಮಗಳು ಬೆನ್ನು ಹಾಕಿ ನಿಂತಿದ್ದಳು, ತಾಯಿಯ ಹಾಗೇ ಎಡಕ್ಕೆ ಸ್ವಲ್ಪ ವಾಲಿ. ಹೆಜ್ಜೆ ಸದ್ದಿಗೆ ತಿರುಗಿದವಳ ಮುಖ ಬೆವತಿತ್ತು. ಕಟ್ಟೆಯ ಮೇಲೆ ಅವಳ ಫೋನು ಇತ್ತು. ನೆಲದಲ್ಲಿ, ಅವಳ ಕಾಲ ಹತ್ತಿರ, ಒದ್ದೆಯಾಗಿ ಬಿಚ್ಚಿಕೊಂಡ ಜಿಡ್ಡುಬಟ್ಟೆ ಬಿದ್ದಿತ್ತು. ಕೊಳವೆಗಳನ್ನು ಆರಿಸುವ ಕಂಬಿಯ ಮೇಲೆ, ಸಾಲಾಗಿ ನಿಂತ ಗಾಜಿನ ನಡುವೆ, ಒಂದು ತಗಡು ಡಬ್ಬ ಬೋರಲಾಗಿ ನೀರು ತೊಟ್ಟಿಕ್ಕುತ್ತಿತ್ತು.

"ಅದೇನು?"

"ಏನೂ ಇಲ್ಲ ಸಾರ್. ಹಳೇ ಡಬ್ಬ." ಅವಳು ಕಟ್ಟೆಯ ಮೇಲಿನ ಫೋನಿನ ಕಡೆ ನೋಡಿದಳು. "ಅಮ್ಮ ಫೋನ್ ಮಾಡಿದ್ಲು. ನೀವು ಬಂದಿದ್ರಂತೆ. ಪೈಪಿನ ಹಿಂದೆ ಏನೋ ಇರ್ಬಹುದು, ತೆಗೆದು ತೊಳೆದುಬಿಡು ಅಂದ್ಲು. ನಂಗೆ ಗೊತ್ತೇ ಇರ್ಲಿಲ್ಲ ಸಾರ್ ಅದು ಅಲ್ಲಿದೆ ಅಂತ. ದೇವರಾಣೆ ನಾನು ಒಂದು ದಿನಾನೂ ಮುಟ್ಟಿಲ್ಲ."

"ಒಳಗೆ ಏನಿತ್ತು?"

"ಒಣಗಿ ಕಲ್ಲಾಗಿತ್ತು. ಕಪ್ಪಗೆ. ಆಸಿಡ್ಡು ಹಾಕಿದೆ, ನೊರೆ ಬಂದು ಕರಗಿ ಹೋಯ್ತು."

ಅವನು ತೊಟ್ಟಿಯ ಹತ್ತಿರ ಹೋಗಿ ತೂಬಿನೊಳಗೆ ನೋಡಿದ. ನಲ್ಲಿ ಜೋರಾಗಿ ಬಿಟ್ಟಿತ್ತು, ನೀರು ತಿಳಿಯಾಗಿ ಸುತ್ತುತ್ತ ಇಳಿಯುತ್ತಿತ್ತು. ಕೈಯೊಡ್ಡಿ ನಲ್ಲಿ ನಿಲ್ಲಿಸಿದ. ನೆಲದ ಬಟ್ಟೆ ಎತ್ತಿ ಮೂಸಿದ, ಅದರಲ್ಲೂ ಆಸಿಡ್ಡು. ಡಬ್ಬವನ್ನು ಕಂಬಿಯಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, ಮೂಲೆ ಮೂಲೆಗೆ ತೋರುಬೆರಳು ಹಾಕಿ ತಿರುವಿ ನೋಡಿದ. ಬೆರಳು ಒದ್ದೆಯಾಯಿತು, ಅಷ್ಟೇ. ಅವನು ಇನ್ನೂ ಬೈಯುತ್ತಿಲ್ಲ ಎಂದು ಅವಳಿಗೆ ಭಯ ಹೆಚ್ಚಿತೋ ಏನೋ, ಎರಡೂ ಕೈ ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತಳು.

"ಎಲ್ಲಾ ಕ್ರಮದ ಪ್ರಕಾರಾನೇ ಸಾರ್. ಅರವತ್ತು ಎಣಿಸಿ, ಮೂರು ನೀರು."

ಅವನು ಡಬ್ಬವನ್ನು ಇದ್ದ ಜಾಗದಲ್ಲೇ, ಬೋರಲಾಗಿ, ಮತ್ತೆ ಇಟ್ಟ.

"ಚೆನ್ನಾಗಿ ತೊಳೆದಿದ್ದೀಯ" ಎಂದ.

ಎಂಟು ತಿಂಗಳಲ್ಲಿ ಅವಳು ನಕ್ಕದ್ದನ್ನು ಅವನು ನೋಡಿದ್ದು ಅದೇ ಮೊದಲು.